ಹಳೆ ಟೂರಿಂಗ್ ಬೈಕಿಗೆ ಹೊಸ ಬ್ಯಾಟರಿ: ಅಂಗಡಿಗೆ ಹೋಗುವ ಮೊದಲು ಗಾಡಿ ನೋಡಿ

ಸೆಲ್ಫ್ ಒತ್ತಿದರೆ ಬರೀ ಟಿಕ್ ಟಿಕ್ ಸದ್ದು. ಪಕ್ಕದಲ್ಲಿದ್ದವರೆಲ್ಲ ಹೇಳುವುದು ಒಂದೇ ಮಾತು: ಬ್ಯಾಟರಿ ಹೋಗಿದೆ, ಬೇರೆ ಹಾಕಿಸಿ. ನಿಜವೂ ಇರಬಹುದು. ಆದರೆ ಹತ್ತು ಹನ್ನೆರಡು ವರ್ಷ ಓಡಿದ ಥಂಡರ್‌ಬರ್ಡ್ ಅಥವಾ ಅವೆಂಜರ್‌ನಂಥ ಟೂರಿಂಗ್ ಬೈಕಿನಲ್ಲಿ ಬ್ಯಾಟರಿ ಹೋಗಿದ್ದರೆ ಅದು ಯಾಕೆ ಹೋಯಿತು ಅಂತ ಮೊದಲು ನೋಡಬೇಕು. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ಸೈಡ್ ಪ್ಯಾನೆಲ್ ಬಿಚ್ಚಿ ಟರ್ಮಿನಲ್ ನೋಡಿ. ಬಿಳಿ ಅಥವಾ ನೀಲಿ ಹಸಿರು ಪುಡಿ ಕಟ್ಟಿದ್ದರೆ, ನಟ್ಟು ಸಡಿಲವಾಗಿ ವೈರು ಕೈಗೆ ಅಲ್ಲಾಡಿದರೆ, ಬ್ಯಾಟರಿ ಗಟ್ಟಿಯಾಗಿದ್ದರೂ ಸೆಲ್ಫ್ ತಿರುಗುವುದಿಲ್ಲ. ವೈರು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಉಜ್ಜಿ, ಒರೆಸಿ, ಮತ್ತೆ ಬಿಗಿ ಮಾಡಿ. ಅರ್ತ್ ವೈರು ಫ್ರೇಮಿಗೆ ಸೇರುವ ತುದಿಯನ್ನೂ ಹೀಗೇ ಕ್ಲೀನ್ ಮಾಡಿ. ಬಹಳ ಜನ ಅದನ್ನು ಮರೆಯುತ್ತಾರೆ.

ಈಗ ಮಲ್ಟಿಮೀಟರ್, ಅಂದರೆ ವೋಲ್ಟೇಜ್ ಅಳೆಯುವ ಮೀಟರ್, ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಹಿಡಿಯಿರಿ. ಗಾಡಿ ಕೆಲವು ಗಂಟೆ ಸುಮ್ನೆ ನಿಂತ ಮೇಲೆ 12 ವೋಲ್ಟ್ ಬ್ಯಾಟರಿಯಲ್ಲಿ 12.6ರಿಂದ 12.8 ಇದ್ದರೆ ಚಾರ್ಜ್ ತುಂಬಿದೆ ಎಂದರ್ಥ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಪೂರ್ತಿ ಚಾರ್ಜ್ ಮಾಡಿ, ಮೀಟರ್ ಹಿಡಿದುಕೊಂಡೇ ಸೆಲ್ಫ್ ಒತ್ತಿ. ಸಂಖ್ಯೆ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಕಥೆ ಮುಗಿದಿದೆ. ಸ್ಟಾರ್ಟ್ ಆದರೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿ, 13.8ರಿಂದ 14.5ರ ಒಳಗೆ ಇರಬೇಕು. 13ನ್ನೂ ಮುಟ್ಟದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಅದು ಬ್ಯಾಟರಿಯನ್ನು ಬೇಯಿಸುತ್ತಿದೆ. ಇದನ್ನು ಸರಿಮಾಡದೆ ಹೊಸ ಬ್ಯಾಟರಿಗೆ ದುಡ್ಡು ಹಾಕಬೇಡಿ, ದಯವಿಟ್ಟು.

ಓಡಾಟದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಹಾಗಾಗಿ ಮಂಡ್ಯ ಕಡೆ ಸರ್ವೀಸ್ ರಸ್ತೆಯಲ್ಲಿ ನಿಂತು ನಿಂತು ಹೋಗಬೇಕು, ಹೆಡ್‌ಲೈಟ್, ಫಾಗ್ ಲೈಟ್, ಮೊಬೈಲ್ ಚಾರ್ಜರ್ ಎಲ್ಲ ಆನ್ ಇದ್ದು ಎಂಜಿನ್ ಐಡಲ್‌ನಲ್ಲಿದ್ದರೆ ಬ್ಯಾಟರಿಯೊಳಗೆ ಬರುವ ಕರೆಂಟಿಗಿಂತ ಹೊರಗೆ ಹೋಗುವುದೇ ಜಾಸ್ತಿ. ಇದಕ್ಕೆ ದೊಡ್ಡ ಬ್ಯಾಟರಿ ಹಾಕಿದರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. ಸಂಪು ದೊಡ್ಡದು ಮಾಡಿದರೆ ನಲ್ಲಿಯಲ್ಲಿ ನೀರು ಜಾಸ್ತಿ ಬರುವುದಿಲ್ಲ. ಎಕ್ಸ್ಟ್ರಾ ಲೈಟು ಕಡಿಮೆ ಮಾಡಿ, ಅಥವಾ ಎಲ್‌ಇಡಿಗೆ ಬದಲಾಯಿಸಿ.

ಇನ್ನು ಆಯ್ಕೆ. ಹಳೆ ಬ್ಯಾಟರಿ ಮೇಲಿರುವ ವೋಲ್ಟ್ ಮತ್ತು ಎಎಚ್ (ಆ್ಯಂಪಿಯರ್ ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬರೆದುಕೊಳ್ಳಿ. ಆದರೆ ಅದನ್ನೇ ನಂಬಬೇಡಿ, ಹಿಂದಿನ ಓನರ್ ತಪ್ಪು ಬ್ಯಾಟರಿ ಹಾಕಿರಬಹುದು. ಗಾಡಿಯ ಮ್ಯಾನುಯಲ್ ನೋಡಿ. ಥಂಡರ್‌ಬರ್ಡ್‌ಗೆ 12 ವೋಲ್ಟ್ 14 ಎಎಚ್. ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೇ ಜಾವಾ, ಯೆಜ್ಡಿಗಳಲ್ಲಿ 6 ವೋಲ್ಟಿನವು ಬಹಳ. ಕೆಲವನ್ನು ಆಮೇಲೆ 12ಕ್ಕೆ ಬದಲಾಯಿಸಿರುತ್ತಾರೆ, ಆದ್ದರಿಂದ ಬಲ್ಬಿನ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ಅಂತಲೂ ನೋಡಿ.

ಉದ್ದ, ಅಗಲ, ಎತ್ತರ ಟೇಪಿನಲ್ಲಿ ಅಳೆಯಿರಿ. ಪ್ಲಸ್ ಎಡಕ್ಕಿದೆಯೋ ಬಲಕ್ಕಿದೆಯೋ ಫೋಟೋ ತೆಗೆದುಕೊಳ್ಳಿ. ಇದು ಉಲ್ಟಾ ಇದ್ದರೆ ವೈರು ಎಳೆದು ಎಳೆದು ಜೋಡಿಸಬೇಕಾಗುತ್ತದೆ, ಆ ಎಳೆದಾಟದಲ್ಲಿ ಪ್ಲಸ್ ಮೈನಸ್ ಅದಲುಬದಲಾದರೆ ಎಂಜಿನ್ ಕಡೆಯಿಂದ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಡಿಸಿ ಮಾಡಿಕೊಡುವ ರೆಕ್ಟಿಫೈಯರ್ ಒಂದೇ ಕ್ಷಣದಲ್ಲಿ ಸುಡುತ್ತದೆ.

ಯಾವ ಬಗೆ? ಆ್ಯಸಿಡ್ ತುಂಬುವ ಹಳೇ ಮಾದರಿ ಅಗ್ಗ, ಆದರೆ ಡಿಸ್ಟಿಲ್ಡ್ ವಾಟರ್ ನೋಡುತ್ತಿರಬೇಕು, ಮಲಗಿಸಿ ಕೂರಿಸುವ ಹಾಗಿಲ್ಲ. ಲಿಥಿಯಂ ತುಂಬ ಹಗುರ, ದುಬಾರಿ. ಹಳೆ ರೆಗ್ಯುಲೇಟರ್‌ನಿಂದ ವೋಲ್ಟೇಜ್ ಏರಿದರೆ ಅದು ತಡೆದುಕೊಳ್ಳುವುದಿಲ್ಲ. ದೂರ ಹೋಗುವ ಹಳೆ ಗಾಡಿಗೆ ನಾನು ಹೇಳುವುದು ಸೀಲ್ ಆಗಿ ಬರುವ ಮೇಂಟೆನೆನ್ಸ್ ಫ್ರೀ ಬ್ಯಾಟರಿ. ಕುಲುಕಾಟ ತಡೆಯುತ್ತದೆ, ಆ್ಯಸಿಡ್ ಚೆಲ್ಲಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ತುಕ್ಕು ಹಿಡಿಯುವ ಭಯವಿಲ್ಲ.

ಅಂಗಡಿಯಲ್ಲಿ ತಯಾರಾದ ತಿಂಗಳು ಕೇಳಿ. ಶೆಲ್ಫಿನಲ್ಲಿ ಒಂದು ವರ್ಷ ಕೂತಿದ್ದು ಬೇಡ. ವಾರಂಟಿ ಕಾರ್ಡಿನಲ್ಲಿ ಸೀಲು, ತಾರೀಖು ಹಾಕಿಸಿ. ಹಳೆಯದನ್ನು ಅಲ್ಲೇ ಕೊಟ್ಟು ಎಕ್ಸ್‌ಚೇಂಜ್ ಬೆಲೆ ಕೇಳಿ, ಸೀಸ ಇರುವುದರಿಂದ ಅದಕ್ಕೆ ಬೆಲೆ ಇದ್ದೇ ಇದೆ, ಕಸಕ್ಕೆ ಎಸೆಯುವ ವಸ್ತುವೂ ಅಲ್ಲ. ಹೊಸ ಆ್ಯಸಿಡ್ ಬ್ಯಾಟರಿಯಾದರೆ ಆ್ಯಸಿಡ್ ಹಾಕಿದ ಕೂಡಲೇ ಗಾಡಿಗೆ ಕೂರಿಸಲು ಬಿಡಬೇಡಿ. ಎಎಚ್‌ನ ಹತ್ತನೇ ಒಂದು ಭಾಗದಷ್ಟು ಕರೆಂಟಿನಲ್ಲಿ, ಅಂದರೆ 14 ಎಎಚ್‌ಗೆ 1.4 ಆ್ಯಂಪಿಯರ್‌ನಲ್ಲಿ, ನಿಧಾನವಾಗಿ ಚಾರ್ಜ್ ಆಗಲಿ.

ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಪ್ಲಸ್ ಮೊದಲು. ಮೈನಸ್ ಸೇರಿದ್ದಾಗ ಪ್ಲಸ್ ನಟ್ಟಿಗೆ ಹಾಕಿದ ಸ್ಪ್ಯಾನರ್ ಫ್ರೇಮಿಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಟರ್ಮಿನಲ್‌ಗೆ ತೆಳುವಾಗಿ ವ್ಯಾಸಲಿನ್ ಸವರಿ, ಬ್ಯಾಟರಿ ಹಿಡಿದಿಡುವ ಪಟ್ಟಿ ಬಿಗಿಯಿರಿ.

ಹಾಕಿದ ದಿನವೇ ಊಟಿ ಹೊರಡಬೇಡಿ. ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಹಗಲಲ್ಲೂ ಕಾಡಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಅದರಲ್ಲೂ ಥಂಡರ್‌ಬರ್ಡ್ 500ರಂಥ ಫ್ಯುಯೆಲ್ ಇಂಜೆಕ್ಷನ್ ಗಾಡಿ, ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಏಳುವುದಿಲ್ಲ, ಪೆಟ್ರೋಲ್ ಪಂಪಿಗೇ ಕರೆಂಟ್ ಬೇಕು. ಮೊದಲು ಶ್ರೀರಂಗಪಟ್ಟಣದವರೆಗೆ ಹೋಗಿ ಬನ್ನಿ. ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಮತ್ತೆ ಮೀಟರ್ ಹಿಡಿಯಿರಿ. ರಾತ್ರಿ ಕಳೆಯುವಷ್ಟರಲ್ಲಿ 12.4ಕ್ಕಿಂತ ಕೆಳಗಿಳಿದಿದ್ದರೆ ಅಲಾರಂ ಅಥವಾ ಚಾರ್ಜರ್ ವೈರು ಎಲ್ಲೋ ಕರೆಂಟ್ ಎಳೆಯುತ್ತಿರಬಹುದು, ಒಂದೊಂದಾಗಿ ಫ್ಯೂಸ್ ತೆಗೆದು ಹುಡುಕಿ.