ಕೇಳಿದ್ದಕ್ಕೇ ಉತ್ತರ: ನಿಯೋಗದ ಹಿಂದಿನ ಸಾಲಿನಲ್ಲಿ ಕೂತು ಮಾಡಿದ ಕೆಲಸ

ಮಾನವ ಹಕ್ಕು ಒಪ್ಪಂದಗಳನ್ನು ದೇಶಗಳು ಪಾಲಿಸುತ್ತಿವೆಯೇ ಎಂದು ನೋಡುವ ವಿಶ್ವಸಂಸ್ಥೆಯ ಸಮಿತಿಗಳ ಮುಂದೆ ಹಾಜರಾಗುವ ಸರ್ಕಾರಿ ನಿಯೋಗದಲ್ಲಿ ಮೈಕಿನ ಮುಂದೆ ಕೂರುವವರು ಮಂತ್ರಿಗಳು, ರಾಯಭಾರಿಗಳು, ಇಲಾಖೆಗಳ ಮುಖ್ಯಸ್ಥರು. ಅವರ ಬೆನ್ನ ಹಿಂದಿನ ಸಾಲಿನಲ್ಲಿ ಕೂತು ಉತ್ತರಗಳ ಕರಡು ಬರೆಯುವುದು ನನ್ನ ಪಾಲಿನ ಕೆಲಸ. ಯಾವ ದೇಶದ ನಿಯೋಗ ಎಂಬುದು ಇಲ್ಲಿ ಮುಖ್ಯವಲ್ಲ, ಈ ಕೆಲಸದ ಕಷ್ಟ ಎಲ್ಲರಿಗೂ ಒಂದೇ. ಸಮಿತಿ ಕೇಳುವುದು ಠಾಣೆಯಲ್ಲಿ, ಜೈಲಿನಲ್ಲಿ, ಆಸ್ಪತ್ರೆಯಲ್ಲಿ ನಿಜಕ್ಕೂ ಏನು ನಡೆಯುತ್ತಿದೆ ಎಂದು. ಇಲಾಖೆಗಳು ಬರೆದು ಕಳಿಸುವುದು ಕಾನೂನಿನಲ್ಲಿ ಏನಿದೆ ಎಂದು.

ಪ್ರಶ್ನೆಗಳು ಆಕಾಶದಿಂದ ಉದುರುವುದಿಲ್ಲ. ಸರ್ಕಾರ ವರದಿ ಕೊಡುತ್ತದೆ, ಸಮಿತಿ ಪ್ರಶ್ನಾಪಟ್ಟಿ ಕಳಿಸುತ್ತದೆ, ಸರ್ಕಾರ ಲಿಖಿತವಾಗಿ ಉತ್ತರಿಸುತ್ತದೆ, ಆಮೇಲೆ ಮುಖಾಮುಖಿ ಸಂವಾದ. 2007ರಲ್ಲಿ ಚಿತ್ರಹಿಂಸೆ ವಿರೋಧಿ ಸಮಿತಿ ಮೊದಲೇ ಪ್ರಶ್ನಾಪಟ್ಟಿ ಕಳಿಸಿ, ಅದಕ್ಕೆ ಕೊಟ್ಟ ಉತ್ತರವನ್ನೇ ವರದಿ ಎಂದು ಸ್ವೀಕರಿಸುವ ಸರಳ ಕ್ರಮ ತಂದಿತು. ಬಳಿಕ ಉಳಿದ ಸಮಿತಿಗಳೂ ಅದೇ ದಾರಿ ಹಿಡಿದವು. 2014ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸರ್ಕಾರಗಳು ಕಾಲಕಾಲಕ್ಕೆ ಕೊಡುವ ವರದಿಗೆ 21,200 ಪದಗಳ ಮಿತಿ ಹಾಕಿತು. ಇದು ಒಳ್ಳೆಯದೇ ಆಯಿತು. ಪದ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಸಂವಿಧಾನದ ವಿಧಿಗಳ ಉದ್ದುದ್ದ ಉಲ್ಲೇಖಗಳಿಗೆ.

ತಯಾರಿ ಶುರುವಾದಾಗ ನಾನು ಮೊದಲು ಓದುವುದು ನಮ್ಮ ವರದಿಯನ್ನಲ್ಲ, ಸ್ವಯಂಸೇವಾ ಸಂಸ್ಥೆಗಳು ಸಮಿತಿಗೆ ಕಳಿಸಿದ ಪರ್ಯಾಯ ವರದಿಗಳನ್ನು. ಅವು ವಿಶ್ವಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತವೆ. ಸದಸ್ಯರು ಕೇಳುವ ಚುರುಕಾದ ಪ್ರಶ್ನೆಗಳ ಬೇರು ಬಹುಪಾಲು ಅಲ್ಲೇ ಇರುತ್ತದೆ. ಒಂದೊಂದು ಆರೋಪದ ಎದುರೂ ಮೂರು ಪ್ರಶ್ನೆ ಬರೆದು ಇಲಾಖೆಗೆ ಕಳಿಸುತ್ತಿದ್ದೆ: ಇದು ನಿಜವೇ? ತನಿಖೆ ಯಾರು ಮಾಡಿದರು? ಫಲಿತಾಂಶ ಏನಾಯಿತು? "ಆರೋಪ ಆಧಾರರಹಿತ" ಎಂದಷ್ಟೇ ಬರೆದು ಬಂದ ಕಡತವನ್ನು ವಾಪಸು ಕಳಿಸುತ್ತಿದ್ದೆ. ಆಧಾರವಿಲ್ಲ ಎನ್ನಬೇಕಾದರೂ ಯಾರೋ ಹೋಗಿ ನೋಡಿರಬೇಕಲ್ಲ.

ಒಂದು ಉತ್ತರ ಹೇಗೆ ತಿದ್ದುಪಡಿಯಾಯಿತು ಎಂದು ಹೇಳುತ್ತೇನೆ. ಪ್ರಶ್ನೆ ಇದ್ದದ್ದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯ ಮೇಲೆ: ಬಂಧಿತರನ್ನು ಎಷ್ಟು ಹೊತ್ತಿನೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತೀರಿ, ಅದು ಪಾಲನೆಯಾಗುತ್ತಿದೆಯೇ? ಇಲಾಖೆಯಿಂದ ಬಂದ ಕರಡು ಹೀಗಿತ್ತು: "ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸಂವಿಧಾನ ಪೂರ್ಣ ರಕ್ಷಣೆ ನೀಡಿದ್ದು, ಸದರಿ ವಿಷಯದಲ್ಲಿ ಕಾನೂನಿನ ಅಗತ್ಯ ನಿಬಂಧನೆಗಳು ಜಾರಿಯಲ್ಲಿರುತ್ತವೆ." ಒಂದು ಪುಟ ಇದೇ ಧಾಟಿ. ಪಾಲನೆಯಾಗುತ್ತಿದೆಯೇ ಎಂಬ ಅರ್ಧ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಈ ಒಡಂಬಡಿಕೆಯ ಪಾಲನೆ ನೋಡುವ ಮಾನವ ಹಕ್ಕುಗಳ ಸಮಿತಿ, ಆ ವಿಧಿಯ ಅರ್ಥ ಬಿಡಿಸುವ 2014ರ ತನ್ನ 35ನೇ ಸಾಮಾನ್ಯ ಟಿಪ್ಪಣಿಯಲ್ಲಿ, ಸಾಮಾನ್ಯವಾಗಿ 48 ಗಂಟೆ ಸಾಕು, ಅದಕ್ಕಿಂತ ತಡವಾದರೆ ಅದು ತೀರಾ ಅಪವಾದವಾಗಿರಬೇಕು ಎಂದು ಬರೆದಿದೆ. ಅಂದರೆ ಎದುರಿಗೆ ಕೂತವರ ಕೈಯಲ್ಲಿ ಅಳತೆಗೋಲು ಮೊದಲೇ ಇದೆ.

ನಾನು ಇಲಾಖೆಯ ಅಧಿಕಾರಿಯ ಪಕ್ಕ ಕೂತು ಠಾಣೆಗಳ ಬಂಧನ ದಾಖಲೆ ಪುಸ್ತಕದಲ್ಲಿ ಏನೇನು ಕಾಲಂ ಇದೆ ಎಂದು ಕೇಳಿದೆ. ಬಂಧಿಸಿದ ಹೊತ್ತು ಇತ್ತು, ನ್ಯಾಯಾಲಯಕ್ಕೆ ಕರೆದೊಯ್ದ ದಿನಾಂಕ ಇತ್ತು, ಆದರೆ ಹೊತ್ತು ಇರಲಿಲ್ಲ. ಉತ್ತರ ಅಲ್ಲೇ ಸಿಕ್ಕಿತು. ಹೊಸ ಕರಡು ನಾಲ್ಕು ವಾಕ್ಯ: ಕಾನೂನು ಇಟ್ಟಿರುವ ಗಡುವು ಇಷ್ಟು. ಗಡುವು ಮೀರಿದ ದೂರುಗಳು ಬಂದಿವೆ. ಈಗಿನ ದಾಖಲೆಯಲ್ಲಿ ಹಾಜರುಪಡಿಸಿದ ಹೊತ್ತು ಬರೆಯುವುದಿಲ್ಲ, ಆದ್ದರಿಂದ ಎಷ್ಟು ಪ್ರಕರಣಗಳಲ್ಲಿ ಮೀರಿದೆ ಎಂದು ಹೇಳಲು ಆಗುವುದಿಲ್ಲ. ಆ ಕಾಲಂ ಸೇರಿಸಲು ಸುತ್ತೋಲೆ ಸಿದ್ಧವಾಗುತ್ತಿದೆ. ಮೂರನೆಯ ವಾಕ್ಯ ತೆಗೆಯಿರಿ ಎಂದು ಮೇಲಿನವರು ಬಹಳ ಒತ್ತಾಯ ಮಾಡಿದರು. ಅದನ್ನು ತೆಗೆದರೆ ನಾಲ್ಕನೆಯದಕ್ಕೆ ಅರ್ಥವಿಲ್ಲ ಎಂದು ನಾನು ಹಟ ಹಿಡಿದೆ. ವಾಕ್ಯ ಉಳಿಯಿತು. ಪ್ರಶ್ನೆ ಕೇಳಿದ ಸದಸ್ಯರು ಮರುಪ್ರಶ್ನೆ ಹಾಕಿದ್ದು ಸುತ್ತೋಲೆ ಯಾವಾಗ ಹೊರಡುತ್ತದೆ ಎಂಬುದರ ಬಗ್ಗೆ ಮಾತ್ರ. ಅಷ್ಟು ಬೇಗ ಆ ವಿಷಯ ಕೆಲಸದ ಮಾತಿಗೆ ಇಳಿದದ್ದು ನನಗೆ ಇಂದಿಗೂ ಸಮಾಧಾನ ಕೊಡುತ್ತದೆ.

ಸಭಾಂಗಣದೊಳಗಿನ ಹೊತ್ತು ಬೇರೆಯದೇ ಲೆಕ್ಕ. ಜಿನೀವಾದ ಮಾನವ ಹಕ್ಕುಗಳ ಸಮಿತಿಯಲ್ಲಿ 18 ಸದಸ್ಯರು. ತಮ್ಮ ಸ್ವಂತ ದೇಶದ ಪರಿಶೀಲನೆಯಲ್ಲಿ ಯಾರೂ ಪಾಲ್ಗೊಳ್ಳುವುದಿಲ್ಲ. ಸಂವಾದ ಸಾಮಾನ್ಯವಾಗಿ ಮೂರು ಮೂರು ಗಂಟೆಯ ಎರಡು ಬೈಠಕ್, ಒಂದು ಮಧ್ಯಾಹ್ನ, ಇನ್ನೊಂದು ಮರುದಿನ ಬೆಳಗ್ಗೆ. ಪ್ರಶ್ನೆಗಳ ಒಂದು ಗುಂಪು ಮುಗಿದ ಮೇಲೆ ಉತ್ತರ ಜೋಡಿಸಿಕೊಳ್ಳಲು ಸಿಗುವುದು ಕೆಲವೇ ನಿಮಿಷ. ಚಿತ್ರಹಿಂಸೆ ವಿರೋಧಿ ಸಮಿತಿಯಲ್ಲಿ ಮೊದಲ ದಿನ ಬೆಳಗ್ಗೆ ಪ್ರಶ್ನೆ, ಎರಡನೆಯ ದಿನ ಮಧ್ಯಾಹ್ನ ಉತ್ತರ. ನಡುವಿನ ರಾತ್ರಿ ಯಾರಿಗೂ ನಿದ್ದೆಯಿಲ್ಲ.

ನನ್ನ ಕ್ರಮ ಸರಳವಾಗಿತ್ತು. ಒಂದು ಪ್ರಶ್ನೆಗೆ ಒಂದು ಚೀಟಿ. ಕೇಳಿದವರ ಹೆಸರು, ವಿಧಿಯ ಸಂಖ್ಯೆ, ಮತ್ತು ಪ್ರಶ್ನೆಯ ಬಾಲ. ಬಾಲ ಎಂದರೆ ಕೊನೆಯಲ್ಲಿ ಬರುವ ತುಂಡು: ಎಷ್ಟು ಮಂದಿಗೆ ಶಿಕ್ಷೆಯಾಯಿತು, ತರಬೇತಿ ಕೊಟ್ಟ ಮೇಲೆ ಏನು ಬದಲಾಯಿತು, ಪರಿಹಾರದ ಹಣ ಸಂತ್ರಸ್ತರ ಕೈ ಸೇರಿತೇ. ಮೈಕಿನ ಮುಂದಿರುವವರು ತಲೆಗೆ ಉತ್ತರಿಸಿ ಬಾಲ ಬಿಟ್ಟುಬಿಡುತ್ತಾರೆ, ಸದಸ್ಯರು ಮತ್ತೆ ಕೇಳುವುದು ಅದನ್ನೇ. ಚಿತ್ರಹಿಂಸೆಯ ಗುರುತುಗಳನ್ನು ದಾಖಲಿಸುವ ಇಸ್ತಾಂಬುಲ್ ಪ್ರೋಟೋಕಾಲ್ ಬಗ್ಗೆ ವೈದ್ಯರಿಗೆ ಶಿಬಿರ ನಡೆಸಿದ್ದೇವೆ ಎಂದರೆ ಸಾಲದು. ಆ ವೈದ್ಯರು ಬರೆದ ಎಷ್ಟು ವರದಿಗಳು ತನಿಖೆಗೆ ದಾರಿಯಾದವು ಎಂದು ಖಂಡಿತ ಕೇಳುತ್ತಾರೆ.

ಅನುವಾದಕರ ಕೋಣೆಯನ್ನೂ ಮರೆಯಬಾರದು. ಅಂಕಿಗಳನ್ನು ಗಡಗಡ ಓದಿದರೆ ಅರ್ಧ ಅಲ್ಲೇ ಕಳೆದುಹೋಗುತ್ತವೆ. ಬರೆದಿಟ್ಟ ಉತ್ತರವಿದ್ದರೆ ಒಂದು ಪ್ರತಿ ಅವರಿಗೆ ಮುಂಚೆಯೇ ಕೊಡುತ್ತಿದ್ದೆವು.

ಮಾಹಿತಿ ಕೈಯಲ್ಲಿಲ್ಲದಾಗ "ಈಗ ನಮ್ಮ ಬಳಿ ಇಲ್ಲ, ಲಿಖಿತವಾಗಿ ಕೊಡುತ್ತೇವೆ" ಎಂದುಬಿಡುವುದು ಮರ್ಯಾದೆಯ ದಾರಿ. ಮಾನವ ಹಕ್ಕುಗಳ ಸಮಿತಿ ಅದಕ್ಕೆ ಸಂವಾದ ಮುಗಿದ ಮೇಲೆ 48 ಗಂಟೆ ಕೊಡುತ್ತದೆ. ತಲೆಯಿಂದ ಎತ್ತಿ ಹೇಳಿದ ಅಂಕಿ ಮಾತ್ರ ಬಹಳ ಅಪಾಯ. ಸಂವಾದ ವಿಶ್ವಸಂಸ್ಥೆಯ ವೆಬ್ ಟಿವಿಯಲ್ಲಿ ನೇರ ಪ್ರಸಾರವಾಗುತ್ತದೆ, ದೂರು ಕೊಟ್ಟ ಕುಟುಂಬದವರೂ ನೋಡುತ್ತಿರಬಹುದು. "ವಿಷಯ ನ್ಯಾಯಾಲಯದಲ್ಲಿದೆ" ಎಂಬ ಮಾತಿಗೂ ನಾನು ಒಂದು ಷರತ್ತು ಇಟ್ಟಿದ್ದೆ: ಯಾವ ನ್ಯಾಯಾಲಯ, ಎಂದಿನಿಂದ, ಯಾವ ಹಂತ ಎಂದು ಹೇಳಲಾಗದಿದ್ದರೆ ಆ ಮಾತು ಆಡಕೂಡದು. ಸ್ವಯಂಸೇವಾ ಸಂಸ್ಥೆಗಳ ಮೇಲೆ ಹರಿಹಾಯುವ ಸಾಲುಗಳನ್ನು ಕರಡಿನಲ್ಲೇ ಹೊಡೆದುಹಾಕುತ್ತಿದ್ದೆ. ಸಮಿತಿಯ ಮುಂದೆ ದೂರಿದವರನ್ನು ಅಲ್ಲಿಯೇ ಜರಿಯುವುದು ಅವರನ್ನು ಹೆದರಿಸಿದ ಹಾಗೆ, ಅದು ತಪ್ಪು.

ಸಮಾರೋಪ ಅವಲೋಕನಗಳು, ಅಂದರೆ ಸಂವಾದದ ಬಳಿಕ ಸಮಿತಿ ಬರೆಯುವ ಅಭಿಪ್ರಾಯ ಮತ್ತು ಶಿಫಾರಸುಗಳು, ಬಂದ ಮೇಲೆ ಹೆಚ್ಚಿನವರು ಕಡತ ಮುಚ್ಚುತ್ತಾರೆ. ಆದರೆ ಮಾನವ ಹಕ್ಕುಗಳ ಸಮಿತಿ ಕೆಲವು ಶಿಫಾರಸುಗಳನ್ನು ಆರಿಸಿ, ಮುಂದೇನಾಯಿತು ಎಂದು ಕೇಳಿ, ಸರ್ಕಾರದ ಉತ್ತರಕ್ಕೆ ಎ ಇಂದ ಇ ವರೆಗೆ ದರ್ಜೆ ಕೊಡುತ್ತದೆ. ಬಹುಮಟ್ಟಿಗೆ ತೃಪ್ತಿಕರವಾದರೆ ಎ, ಶಿಫಾರಸಿಗೆ ವಿರುದ್ಧವಾಗಿ ನಡೆದುಕೊಂಡಿದ್ದರೆ ಇ. ನಾವು ಊರು ಸೇರಿದ ಕೂಡಲೇ ಪ್ರತಿ ಶಿಫಾರಸಿನ ಎದುರು ಒಬ್ಬ ಅಧಿಕಾರಿಯ ಹೆಸರು, ಒಂದು ದಿನಾಂಕ ಬರೆದ ಪಟ್ಟಿ ಮಾಡಿ ಎಲ್ಲ ಇಲಾಖೆಗಳಿಗೂ ಕಳಿಸಿದೆವು. ಅದರಲ್ಲಿ ಮೊದಲ ಸಾಲು ಬಂಧನ ಪುಸ್ತಕದ ಹೊಸ ಕಾಲಮ್ಮಿನದು.