ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಓದಿ

ಸಕಲೇಶಪುರದ ಕಡೆ ಜೂನ್ ಹಿಡಿಯಿತೆಂದರೆ ಅಂಗಳ, ಬಚ್ಚಲು, ಬಾವಿಕಟ್ಟೆ ಎಲ್ಲೆಲ್ಲೂ ಪಾಚಿ. ಜಾರಿ ಸೊಂಟ ಮುರಿದುಕೊಳ್ಳುವ ಬದಲು ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎರಚುವುದೇ ವಾಸಿ, ನಾನೂ ಎರಚುತ್ತೇನೆ. ಅದರ ಮೇಲೇ ಟಾಯ್ಲೆಟ್ ಆಸಿಡ್ ಸುರಿಯುವವರನ್ನು ಕಂಡರೆ ಮಾತ್ರ ನನಗೆ ಎದೆ ಡವಗುಟ್ಟುತ್ತದೆ.

ಎರಡೂ ಹಾಕಿದರೆ ಇನ್ನೂ ಬೆಳ್ಳಗಾಗುತ್ತೆ ಅನ್ನುವುದು ಕೆಲವರ ಲೆಕ್ಕ. ಆಗ ಹೊರಡುವುದು ಕ್ಲೋರಿನ್ ಅನಿಲ. ಸುಂಯ್ ಅಂತ ನೊರೆ ಏಳುತ್ತೆ, ಘಾಟು ಗಂಟಲಿಗೆ ಇಳಿಯುತ್ತೆ, ಕಣ್ಣು ಉರಿಯುತ್ತೆ. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಹತ್ತಿರವೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ಉಜ್ಜುವವರ ಮುಖ ಇರುವುದೂ ಅಲ್ಲೇ ತಾನೇ? ಇರಚಲು ಹೊಡೆಯುತ್ತದೆಂದು ಕಿಟಕಿ ಬೇರೆ ಮುಚ್ಚಿರುತ್ತೇವೆ.

ಹಾಗಾಗಿ ಪೌಡರ್ ಹಾಕಿದ ದಿನ ಪೌಡರ್ ಅಷ್ಟೇ. ಕಿಟಕಿ, ಬಾಗಿಲು ತೆರೆದಿಟ್ಟು ಉಜ್ಜಿ, ವಾಸನೆ ಹೋಗುವವರೆಗೆ ಬಕೆಟ್‌ಗಟ್ಟಲೆ ನೀರು ಹೊಯ್ಯಿರಿ. ಆಸಿಡ್ ಬೇಕೇ ಬೇಕೆಂದರೆ ಇನ್ನೊಂದು ದಿನ. ಅಕಸ್ಮಾತ್ ಘಾಟು ಎದ್ದರೆ ಬ್ರಷ್ಷು ಅಲ್ಲೇ ಬಿಟ್ಟು ಹೊರಗೆ ಬನ್ನಿ, ತೊಳೆದುಬಿಡೋಣ ಅಂತ ಮತ್ತೆ ಒಳಗೆ ನುಗ್ಗಬೇಡಿ. ಉಸಿರು ಕಟ್ಟಿದಂತಾದರೆ 108ಕ್ಕೆ ಫೋನ್ ಮಾಡಿ.

ಪೌಡರನ್ನು ತಗಡಿನ ಡಬ್ಬದಲ್ಲಿಟ್ಟರೆ ನಮ್ಮ ಥಂಡಿಗೆ ಮುಚ್ಚಳ ತುಕ್ಕು ತಿಂದುಹೋಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಕಳೆ ಕೊಚ್ಚುವ ಮೆಷಿನ್ನಿನ ಪೆಟ್ರೋಲ್, ಸೀಮೆಎಣ್ಣೆ ಕ್ಯಾನುಗಳ ಪಕ್ಕ ಮಾತ್ರ ಬೇಡ, ಒಂದಕ್ಕೊಂದು ಬೆರೆತರೆ ಬೆಂಕಿ ಹತ್ತೀತು.

ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತವೂ (ಕಾಪರ್ ಸಲ್ಫೇಟ್) ಇರುತ್ತದೆ. ನೀಲಿ ಬಣ್ಣದ ಕಲ್ಲುಸಕ್ಕರೆಯಂತೆ ಹೊಳೆಯುವ ಅದನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳದೆ ಇರುತ್ತಾರೆಯೇ? ಗೋಡೌನಿನಲ್ಲಿಟ್ಟು ಬೀಗ ಹಾಕಿ. ಆಸಿಡ್, ಸೀಮೆಎಣ್ಣೆಗಳನ್ನು ಜ್ಯೂಸ್ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸ ಇವತ್ತೇ ಬಿಡಿ. ಮಗು ಕುಡಿದೇಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ: ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ, ಆಸಿಡ್ ಗಂಟಲನ್ನು ಎರಡನೇ ಸಲ ಸುಡುತ್ತದೆ. ಆ ಬಾಟಲಿಯನ್ನೂ ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಓಡಿ.

ಇನ್ನು ನುಸಿಗುಳಿಗೆ. ರೇಷ್ಮೆ ಸೀರೆಯ ಟ್ರಂಕಿಗೆ ಬೇಕಾದರೆ ಇರಲಿ, ಬಾಣಂತಿ ಕೋಣೆಗೆ, ಕೂಸಿನ ಬಟ್ಟೆಗೆ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಈ ಗುಳಿಗೆಯ ನ್ಯಾಫ್ತಲೀನ್ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತದೆ, ಕೊರತೆ ಇದೆಯೆಂದು ಮುಖ ನೋಡಿ ಗೊತ್ತಾಗುವುದಿಲ್ಲ. ಟ್ರಂಕಿನಿಂದ ತೆಗೆದ ಹಳೇ ಕುಲಾವಿ, ದುಪಟಿಗಳನ್ನು ಚೆನ್ನಾಗಿ ಒಗೆದು, ಗಾಳಿಗೆ ಹರವಿ, ವಾಸನೆ ಪೂರ್ತಿ ಹೋದಮೇಲೆ ಕೂಸಿಗೆ ಹಾಕಿ.