ಟ್ರೇಲರ್ ರ‍್ಯಾಂಪ್ ಕಟ್ಟುವಾಗ ಅಳತೆ ಎಲ್ಲಿಂದ ಹಿಡಿಯಬೇಕು?

ಮಾದರಿ ರೈಲಿನ ಲೇಔಟ್‌ಗಳಲ್ಲಿ ಲಾರಿ ಟ್ರೇಲರನ್ನು ಗೋಡೆಯಿಲ್ಲದ ಚಪ್ಪಟೆ ವ್ಯಾಗನ್ನಿಗೆ ಹತ್ತಿಸುವ ರ‍್ಯಾಂಪ್ ಕಂಡರೆ ನಾನು ಮೊದಲು ನೋಡುವುದು ಅದರ ಮೇಲ್ತುದಿಯನ್ನು. ಎಷ್ಟೋ ಕಡೆ ಅದು ವ್ಯಾಗನ್ನಿನ ಹಲಗೆಗಿಂತ ಅರ್ಧ ಬೆರಳು ಕೆಳಗೇ ನಿಂತಿರುತ್ತದೆ. ಪೇಂಟ್, ಹುಲ್ಲು, ಬೋರ್ಡು ಎಲ್ಲ ಚೆನ್ನಾಗಿರುತ್ತದೆ, ಟ್ರೇಲರ್ ಮಾತ್ರ ಹತ್ತುವ ಹಾಗಿಲ್ಲ.

ಇಲ್ಲಿ ಹೇಳುತ್ತಿರುವುದು 1950ರ ದಶಕದ ಅಮೆರಿಕದ ರ‍್ಯಾಂಪ್ ಬಗ್ಗೆ, ಎಚ್‌ಒ ಸ್ಕೇಲಿನಲ್ಲಿ, ಅಂದರೆ 1:87, ಅಸಲಿನ 87ನೇ ಒಂದು ಪಾಲು. ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯ ರೋ-ರೋ ರೈಲಿಗೆ ಲಾರಿ ಹತ್ತುವುದನ್ನು ನೋಡಿದವರಿಗೆ ಅಂದಾಜು ಸಿಗುತ್ತದೆ. ನಮ್ಮಲ್ಲಿ ಡ್ರೈವರ್ ಸಮೇತ ಇಡೀ ಲಾರಿಯೇ ಹೋಗುತ್ತದೆ. ಅಲ್ಲಿ ಹೋಗುತ್ತಿದ್ದುದು ಟ್ರೇಲರ್ ಮಾತ್ರ. ಟ್ರ್ಯಾಕ್ಟರ್, ಅಂದರೆ ಟ್ರೇಲರ್ ಎಳೆಯುವ ಮುಂದಿನ ಲಾರಿ, ಅದನ್ನು ರಿವರ್ಸ್‌ನಲ್ಲಿ ತಳ್ಳುತ್ತಾ, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟಿಸಿ, ಅಲ್ಲೇ ಬಿಟ್ಟು ಒಂಟಿಯಾಗಿ ವಾಪಸ್ ಬರುತ್ತಿತ್ತು.

ಜಾಗ ಹುಡುಕುವುದು ಸುಲಭ. ಡೆಡ್ ಎಂಡ್ ಆಗುವ ಒಂದು ನೇರ ಲೈನ್ ಸಾಕು. ತಿರುವಿನ ಮೇಲೆ ಬೇಡ. ರ‍್ಯಾಂಪಿನ ಬುಡದ ಮುಂದೆ ಕನಿಷ್ಠ 25 ಸೆಂ.ಮೀ. ಖಾಲಿ ನೆಲ ಬಿಡಿ. 40 ಅಡಿಯ ಟ್ರೇಲರ್ ಈ ಸ್ಕೇಲಿನಲ್ಲಿ 14 ಸೆಂ.ಮೀ. ಇರುತ್ತದೆ. ಟ್ರ್ಯಾಕ್ಟರ್ ಸೇರಿಸಿದರೆ ಇನ್ನೂ ಜಾಸ್ತಿ. ಅದು ನೇರವಾಗಿ ನಿಲ್ಲಲು ಜಾಗ ಬೇಕು ಅಲ್ವಾ?

ಈಗ ಎತ್ತರ. ಎಲ್ಲರೂ ಎಡವುವುದು ಇಲ್ಲೇ. ಹಳಿಯ ತಲೆಯಿಂದ ಫ್ಲ್ಯಾಟ್ ವ್ಯಾಗನ್ನಿನ ಹಲಗೆಗೆ ಸುಮಾರು 12 ಮಿ.ಮೀ. ಬರುತ್ತದೆ. ಅದೇ 12 ಹಿಡಿದು ಲೇಔಟಿನ ತಳದ ಪ್ಲೈವುಡ್ಡಿನ ಮೇಲಿಂದ ರ‍್ಯಾಂಪ್ ಎಬ್ಬಿಸಿಬಿಡುತ್ತಾರೆ. ಆದರೆ ಹಳಿ ಪ್ಲೈವುಡ್ಡಿನ ಮೇಲೆ ಕೂತಿಲ್ಲವಲ್ಲ! ಕೆಳಗೆ 5 ಮಿ.ಮೀ. ಕಾರ್ಕ್ ಇದೆ, ಅದರ ಮೇಲೆ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಮತ್ತು ಹಳಿ ಸೇರಿ ಮತ್ತೆ 4-5 ಮಿ.ಮೀ. ಒಟ್ಟು 21-22 ಆಗುತ್ತದೆ. ಇನ್ನೊಂದು ತೊಂದರೆ ಎಂದರೆ ಒಂದೊಂದು ಕಂಪನಿಯ ವ್ಯಾಗನ್ ಒಂದೊಂದು ಎತ್ತರ ಇರುತ್ತದೆ. ಹಾಗಾಗಿ ಪುಸ್ತಕದ ಅಂಕಿ ನಂಬಬೇಡಿ, ನನ್ನದನ್ನೂ ನಂಬಬೇಡಿ. ನಿಮ್ಮ ವ್ಯಾಗನ್ನನ್ನೇ ಆ ಲೈನಿನ ತುದಿಗೆ ತಂದು ನಿಲ್ಲಿಸಿ. ಒಂದು ದಪ್ಪ ಕಾರ್ಡನ್ನು ಅದರ ಪಕ್ಕ ಪ್ಲೈವುಡ್ಡಿನ ಮೇಲೆ ನೆಟ್ಟಗೆ ಹಿಡಿದು ಹಲಗೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಆ ಕಾರ್ಡೇ ನಿಮ್ಮ ಅಳತೆಕೋಲು. ಬೇರೆ ಬೇರೆ ವ್ಯಾಗನ್ ಇದ್ದರೆ ಎಲ್ಲಕ್ಕಿಂತ ಎತ್ತರದ್ದನ್ನು ಹಿಡಿಯಿರಿ. ಟ್ರೇಲರ್ ಒಂದು ಕೂದಲೆಳೆಯಷ್ಟು ಇಳಿದು ಹೋದರೆ ಕಣ್ಣಿಗೆ ಕಾಣುವುದಿಲ್ಲ, ಹತ್ತಿ ಹೋಗಬೇಕಾದರೆ ಎದ್ದು ಕಾಣುತ್ತದೆ.

ಇಳಿಜಾರು ಎಂಟಕ್ಕೆ ಒಂದು ಇಡಿ. ಅದಕ್ಕಿಂತ ಕಡಿದು ಮಾಡಿದರೆ ಟ್ರೇಲರ್ ಒಂಟಿಯಾಗಿ ನಿಂತಾಗ ಊರುವ ಅದರ ಮುಂದಿನ ಕಾಲು ಮೇಲಿನ ಅಂಚಿಗೆ ತಗಲುತ್ತದೆ. 22 ಮಿ.ಮೀ. ಎತ್ತರಕ್ಕೆ 18 ಸೆಂ.ಮೀ. ಉದ್ದವಾಯಿತು, ಜಾಸ್ತಿ ಅನಿಸಬಹುದು. ಸುತ್ತಲಿನ ನೆಲವನ್ನು ಥರ್ಮಾಕೋಲ್ ಮತ್ತು ಪ್ಲಾಸ್ಟರ್‌ನಿಂದ ಸ್ಲೀಪರ್ ಮಟ್ಟಕ್ಕೆ ಎತ್ತಿಬಿಟ್ಟರೆ 12 ಸೆಂ.ಮೀ.ನಲ್ಲೇ ಮುಗಿಯುತ್ತದೆ. ನಾನು ಯಾವಾಗಲೂ ಹೀಗೇ ಮಾಡುವುದು, ನೋಡಲೂ ಇದೇ ಚೆಂದ. ಮೇಲ್ತುದಿಯಲ್ಲಿ 3 ಸೆಂ.ಮೀ. ಸಮತಟ್ಟು ಬಿಟ್ಟು, ಮೂಲೆಯನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ ದುಂಡಗೆ ಮಾಡಿ.

ಪಕ್ಕದ ಗೋಡೆಗೆ ಬಾಲ್ಸಾ ಕಡ್ಡಿಗಳನ್ನು ಹಳೇ ಸ್ಲೀಪರಿನ ಹಾಗೆ ಪೇರಿಸಿ, ಒಳಗೆ ಮಣ್ಣು ತುಂಬಿದಂತೆ ಕಾಣಿಸಿ. ಅಂಟಿಗೆ ಫೆವಿಕಾಲ್ ಸಾಕು. ಕ್ಷಣದಲ್ಲಿ ಹಿಡಿಯುವ ಅಂಟು ಇಲ್ಲಿ ಬೇಡವೇ ಬೇಡ, ಸುತ್ತ ಬಿಳಿ ಮಂಜು ಕೂರುತ್ತದೆ, ಮರಕ್ಕೆ ಬಣ್ಣವೂ ಹಿಡಿಯುವುದಿಲ್ಲ.

ರ‍್ಯಾಂಪನ್ನು ವ್ಯಾಗನ್ನಿಗೆ ಒತ್ತಿ ಕೂರಿಸಬೇಡಿ. ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ, ಅಂದರೆ ಕಪ್ಲಿಂಗ್, ಮುಂದಕ್ಕೆ ಚಾಚಿರುತ್ತದೆ. ಅದರ ನಡುಮಟ್ಟ ಹಳಿಯಿಂದ ಸುಮಾರು 10 ಮಿ.ಮೀ., ಅಂದರೆ ಹಲಗೆಗೆ ತೀರಾ ಹತ್ತಿರ. ರ‍್ಯಾಂಪಿನ ಮುಖದಲ್ಲಿ ಅದಕ್ಕೊಂದು ಗೂಡು ಕೊರೆಯಿರಿ. ಮೇಲಿನ ಸಂದಿಗೆ ಎರಡು ಸೇತುವೆ ಪ್ಲೇಟ್ ಇಡಿ, ಒಂದೊಂದು ಚಕ್ರದ ಸಾಲಿಗೆ ಒಂದೊಂದು. 8 ಮಿ.ಮೀ. ಅಗಲದ, ಅರ್ಧ ಮಿ.ಮೀ. ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಪಟ್ಟಿ ಸರಿಹೋಗುತ್ತದೆ. ಇದಕ್ಕಿಂತ ದಪ್ಪವಾದರೆ ಉಬ್ಬು ಕಾಣುತ್ತದೆ. ಎರಡು ವ್ಯಾಗನ್ ನಡುವೆಯೂ ಹೀಗೇ ಎರಡು ಪ್ಲೇಟ್ ಬೇಕು, ಈ ವ್ಯಾಗನ್ನಿನದೊಂದು, ಆ ವ್ಯಾಗನ್ನಿನದೊಂದು. ದಾರಿಗೆ ಅಡ್ಡ ನಿಂತ ಬ್ರೇಕ್ ಚಕ್ರ (ವ್ಯಾಗನ್ನಿನ ತುದಿಯಲ್ಲಿ ಕೈಬ್ರೇಕ್ ತಿರುಗಿಸುವ ಚಕ್ರ) ಇದ್ದರೆ ಮಡಚಿದಂತೆ ಕೆಳಗೆ ಅಂಟಿಸಿ. ನೆಟ್ಟಗೆ ನಿಂತ ಬ್ರೇಕ್ ಚಕ್ರದ ಆಚೆ ಟ್ರೇಲರ್ ಕೂತಿರುವುದನ್ನು ಎಷ್ಟೋ ಲೇಔಟ್‌ಗಳಲ್ಲಿ ನೋಡಿದ್ದೇನೆ, ಅದು ದಾಟಿದ್ದಾದರೂ ಹೇಗೆ?

ಟ್ರೇಲರ್ ಇಡುವಾಗ ಮೂತಿ ರ‍್ಯಾಂಪ್ ಕಡೆಗೆ, ಬಾಗಿಲು ಎಂಜಿನ್ ಕಡೆಗೆ. ರಿವರ್ಸ್‌ನಲ್ಲಿ ಹತ್ತಿಸಿದ ಮೇಲೆ ಹಾಗಲ್ಲದೆ ಬೇರೆ ಥರ ಇರಲು ಸಾಧ್ಯವಿಲ್ಲ. ಇಳಿಸುವ ಊರಿನ ರ‍್ಯಾಂಪ್ ಕೂಡ ಅದೇ ಮೂತಿಗೆ ಎದುರಾಗುವಂತೆ ಇರಬೇಕು, ಇಲ್ಲದಿದ್ದರೆ ವ್ಯಾಗನ್‌ಗಳನ್ನು ತಿರುಗಿಸಿ ತರಬೇಕಾಗುತ್ತದೆ. ಎರಡು ರ‍್ಯಾಂಪ್ ಕಟ್ಟುವ ಯೋಚನೆ ಇದ್ದರೆ ಇದನ್ನು ಹಳಿ ಹಾಸುವ ಮೊದಲೇ ಕಾಗದದ ಮೇಲೆ ಬರೆದು ನೋಡಿ.

ಪ್ಲೇಟ್‌ಗಳನ್ನು ಅಂಟಿಸಬೇಡಿ, ಸುಮ್ನೆ ಇಟ್ಟಿರಿ. ರೈಲು ಹೊರಡುವ ಮುಂಚೆ ಚಿಮುಟದಿಂದ ಎತ್ತಿ ತೆಗೆಯಿರಿ. ಮರೆತರೆ ಮೊದಲ ತಿರುವಿನಲ್ಲೇ ವ್ಯಾಗನ್ ಹಳಿ ತಪ್ಪುತ್ತದೆ.